ಮನುಷ್ಯ ನಲವತ್ತೇಳು

ಹೊಸದಾಗಿ ಸುಣ್ಣ ಬಳಿದ ಗೋಡೆಯಿಂದ ಬರುವ, ತಣ್ಣಗೆ ಮೂಗು ಚುಚ್ಚುವ ವಾಸನೆಯನ್ನು ನಟರಾಜು ಇಪ್ಪತ್ತೆಂಟು ವರ್ಷವಾದರೂ ಮರೆತಿರಲಿಲ್ಲ. ತನ್ನ ಊರು ಮಿರ್ಲೆಯ ಮನೆಯಲ್ಲಿ, ಏಳನೆಯ ವಯಸ್ಸಿನಲ್ಲಿ, ಅಂಥದೊಂದು ಗೋಡೆಯ ಮೇಲೆ ಅವನು ಇದ್ದಿಲಿನಿಂದ ಅಪ್ಪನ ಚಿತ್ರ ಬರೆದಿದ್ದ. ಅಪ್ಪ ಹೊಡೆದದ್ದು ಗೋಡೆ ಕೆಡಿಸಿದ್ದಕ್ಕಲ್ಲ. "ಇದು ಯಾವ ಕತ್ತೆಲಾ?" ಎಂದು ನಗುತ್ತಾ ಕೇಳಿ, ಮಗನ ಉತ್ತರ ಕೇಳಿದ ಮೇಲೆ ಹೊಡೆದಿದ್ದ.

ಈಗ ಅವನು ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ನೀಲಕಂಠಸ್ವಾಮಿಯವರ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆ ಟೈಪು ಮಾಡುವುದು ಕೆಲಸ. ಬಿಡುವಾದಾಗ ಚಿತ್ರ ಬರೆಯುವ ಪ್ರೋಗ್ರಾಮು ತೆರೆಯುತ್ತಿದ್ದ. ಪರದೆ ಬೆಳ್ಳಗೆ ಅರಳಿದ ಕೂಡಲೇ ಎಲ್ಲಿಂದಲೋ ಆ ಸುಣ್ಣದ ವಾಸನೆ ಬಂದ ಹಾಗಾಗುತ್ತಿತ್ತು.

ಆನೆ, ಬಾಳೆಕಂದು, ಮಾವಿನ ತೋರಣ, ಇವೆಲ್ಲ ಅವನಿಗೆ ಸಲೀಸು. ಬರದೇ ಇದ್ದದ್ದು ಮನುಷ್ಯರು. ಮೌಸ್ ಹಿಡಿದು ಮುಖ ಬರೆಯುವುದೆಂದರೆ ಒದ್ದೆ ಸೋಪಿನ ಬಿಲ್ಲೆಯಲ್ಲಿ ಸಹಿ ಮಾಡಿದ ಹಾಗೆ. ಆದರೂ ಬಿಡದೆ, ಕಿಟಕಿಯಾಚೆ ಬಸ್ಸಿಗೆ ನಿಂತವರನ್ನು ನೋಡಿ ನೋಡಿ ಬರೆಯುತ್ತಿದ್ದ. ಕಂಪ್ಯೂಟರಿನಲ್ಲಿ ಮನುಷ್ಯ ಒಂದರಿಂದ ಮನುಷ್ಯ ನಲವತ್ತಾರರವರೆಗೆ ಸಾಲಾಗಿ ಕೂತಿದ್ದರು. ಅಷ್ಟೂ ಜನಕ್ಕೂ ಒಂದೇ ಮುಖ, ಈಗಷ್ಟೇ ಬಸ್ಸು ತಪ್ಪಿಸಿಕೊಂಡವನ ಮುಖ. ಕೈಬೆರಳುಗಳಂತೂ ಶುಂಠಿ ಕೊಂಬಿನ ಹಾಗೆ ಬರುತ್ತಿದ್ದವು. ಅದಕ್ಕೇ ಅವನು ಎಲ್ಲರ ಕೈಯನ್ನೂ ಬೆನ್ನ ಹಿಂದೆ ಕಟ್ಟಿಸಿಬಿಡುತ್ತಿದ್ದ.

ತೊಂದರೆ ಶುರುವಾದದ್ದು ಅಲ್ಲೇ. ಊರಿನ ಯುವಕ ಸಂಘದ ಪೋಸ್ಟರಿನಲ್ಲಿ ಐದು ಜನ ಪದಾಧಿಕಾರಿಗಳೂ ಕೈ ಹಿಂದಕ್ಕೆ ಕಟ್ಟಿ ತಲೆ ತಗ್ಗಿಸಿ ನಿಂತಿದ್ದರು. ಅಧ್ಯಕ್ಷರು ಅಂಗಡಿಗೇ ಬಂದು, "ನಮ್ಮನ್ನ ಯಾವ ಸ್ಟೇಷನ್ನಿಗೆ ಹಾಕಿದ್ದೀರಿ ಸ್ವಾಮೇರೇ?" ಎಂದು ಕೇಳಿಹೋದರು.

ನೀಲಕಂಠಸ್ವಾಮಿ ಅಂದೇ ತೀರ್ಮಾನ ಕೊಟ್ಟರು. "ಲೋ ನಟರಾಜು, ಇನ್ನೊಂದೇ ಒಂದು ಚಿತ್ರ. ಯಾರನ್ನ ಬರೀತೀಯೋ ಅವರೇ ಬರ್ಬೇಕು. ಬರ್ಲಿಲ್ವೋ, ಆ ಪ್ರೋಗ್ರಾಮು ಕಿತ್ತಾಕ್ತೀನಿ. ಆಮೇಲೆ ಟೈಪು, ಟೈಪು, ಟೈಪು."

ನಟರಾಜುವಿಗೆ ಅಂದಿನಿಂದ ನಿದ್ದೆ ಸರಿಯಾಗಿ ಬಂದಿರಲಿಲ್ಲ.

ಆ ಇನ್ನೊಂದು ಚಿತ್ರ ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಒಂಬತ್ತಕ್ಕೆ ಬಂತು. ತಂದವರು ಅಂತರಸಂತೆ ಕಡೆಯ ಮಹದೇವಯ್ಯ ಮತ್ತು ಅವರ ಅಕ್ಕ ರಾಚಮ್ಮ. ಹೋದ ವರ್ಷ ತೀರಿಕೊಂಡ ತಾಯಿ ಕೆಂಪಾಜಮ್ಮನಿಗೆ ನಾಳೆ ಮೊದಲ ಎಡೆ. ಸೀರೆ, ಎಲೆಯಡಿಕೆ, ಅವಳಿಗೆ ಇಷ್ಟವಾದ ಅಡಿಗೆ ಎಲ್ಲ ಇಡಬೇಕು. ಪಕ್ಕದ ಮನೆಯವರು ಹೋದ ಸಲ ಎಡೆಯ ಮುಂದೆ ಬಣ್ಣದ ಫೋಟೋ ಇಟ್ಟಿದ್ದರು. ಇವರ ಮನೆಯಲ್ಲಿ ಬರೀ ಕಳಸ ಇಟ್ಟರೆ ಹೇಗೆ?

"ಫೋಟೋ ತಂದಿದ್ದೀರಾ?" ನಟರಾಜು ಕೇಳಿದ.

"ತಂದಿವ್ನಿ ಕಣಪ್ಪ." ಮಹದೇವಯ್ಯ ಟವಲಿನಲ್ಲಿ ಸುತ್ತಿದ್ದ ಮದುವೆ ಆಲ್ಬಮ್ ಬಿಚ್ಚಿ ಒಂದು ಮೂಲೆಯ ಮೇಲೆ ಬೆರಳಿಟ್ಟರು. "ಇವ್ಳೇ."

"ಎಲ್ಲಿ?"

"ಇಲ್ಲಿ ನೋಡು, ಮೊಳಕೈ. ಹಸುರು ಬಳೆ ಕಾಣ್ತಾವಲ್ಲ?"

ಮೊಳಕೈಯಿಂದಾಚೆಗೆ ಕೆಂಪಾಜಮ್ಮ ಫೋಟೋದಿಂದ ಹೊರಗಿದ್ದಳು.

"ಫೋಟೋ ತಗೆದ್ರೆ ಆಯಸ್ಸು ಕಮ್ಮಿಯಾಯ್ತದೆ ಅಂತ ಓಡೋಗ್ಬುಡೋಳು ನಮ್ಮವ್ವ," ಎಂದರು ರಾಚಮ್ಮ.

"ಎಷ್ಟು ವಯಸ್ಸಾಗಿತ್ತು?" ನೀಲಕಂಠಸ್ವಾಮಿ ಕೇಳಿದರು.

"ತೊಂಬತ್ತೆರಡು."

"ಹಂಗಾದ್ರೆ ಅವರು ಹೇಳಿದ್ದೇ ಸರಿ ಬಿಡಿ," ಎಂದು ನೀಲಕಂಠಸ್ವಾಮಿ ನಟರಾಜುವಿನ ಕಡೆ ಒಂದು ನೋಟ ಬೀರಿದರು. ಆ ನೋಟದ ಅರ್ಥ ಅವನಿಗೆ ಗೊತ್ತಿತ್ತು.

ಅವನು ಪರದೆಯ ಮೇಲೆ ಮುಖಕ್ಕೊಂದು ದುಂಡು ಗೆರೆ ಎಳೆದ. ಅಕ್ಕ ತಮ್ಮ ಇಬ್ಬರೂ ಅವನ ಎರಡು ಭುಜದ ಮೇಲಿಂದ ಬಗ್ಗಿದರು.

"ಮೂಗು ದಪ್ಪ ಮಾಡಪ್ಪ."

"ದಪ್ಪ ಎಲ್ಲಿತ್ಲಾ ಮಾದೇವ? ಅಗಲ ಇತ್ತು."

"ಅಗಲ ಇತ್ತು, ದಪ್ಪಾನೂ ಇತ್ತು."

"ನಿಂದು ದಪ್ಪ. ಅದು ಅಪ್ಪಯ್ಯನ ಮೂಗು. ಅವ್ವನ ಮೇಲೆ ಯಾಕೆ ಹಾಕ್ತೀಯೆ?"

ಅರ್ಜಿ ಟೈಪು ಮಾಡಿಸಲು ಬಂದು ಬೆಂಚಿನ ಮೇಲೆ ಕಾಯುತ್ತಿದ್ದ ಗೋವಿಂದಯ್ಯ ಎನ್ನುವವರು ಎದ್ದು ಬಂದು ಕನ್ನಡಕ ಏರಿಸಿದರು. "ಕಿವಿ ಒಂಚೂರು ಕೆಳಕ್ಕಿಳಿಸಿ."

"ನೀವು ಅವರನ್ನ ನೋಡಿದ್ರಾ?" ನಟರಾಜು ಕೇಳಿದ.

"ನಾನೆಲ್ಲಿ ನೋಡ್ಲಿ? ಆದ್ರೂ ಮನುಷ್ಯರಿಗೆ ಅಷ್ಟು ಮೇಲಿರಾಕಿಲ್ಲ ಕಣ್ರೀ."

ಹನ್ನೊಂದು ಗಂಟೆಯ ಹೊತ್ತಿಗೆ ಮೂಗುತಿ ಎಡದಿಂದ ಬಲಕ್ಕೆ ಎರಡು ಸಲ, ಬಲದಿಂದ ಎಡಕ್ಕೆ ಮೂರು ಸಲ ಓಡಾಡಿತ್ತು. ರಾಚಮ್ಮ ಹಿಂದಕ್ಕೆ ಸರಿದು ತಲೆ ಓರೆಮಾಡಿ ನೋಡಿದರು. "ಇದು ನಮ್ಮವ್ವ ಅಲ್ಲ. ನಮ್ಮ ಮಾದೇವ ಸೀರೆ ಉಟ್ಟಂಗದೆ."

ಮಹದೇವಯ್ಯ ಪರದೆ ನೋಡುತ್ತಾ ತಮ್ಮ ಮೂಗು ಮುಟ್ಟಿ ನೋಡಿಕೊಂಡರು.

ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಎರಡು ಸಲ ಕೀ ಕೀ ಎಂದು ಅದೂ ಕಣ್ಣು ಮುಚ್ಚಿತು. ನಟರಾಜು ಚಿತ್ರವನ್ನು ಉಳಿಸಿಟ್ಟಿರಲಿಲ್ಲ. ಎರಡು ಗಂಟೆಯ ಮೂಗು, ಗೋವಿಂದಯ್ಯನವರ ಕಿವಿ, ಎಲ್ಲ ಒಟ್ಟಿಗೆ ಹೋದವು.

"ಓಯ್ತಾ?" ರಾಚಮ್ಮ ನಿಟ್ಟುಸಿರಿಟ್ಟರು. "ಬುಡು, ನಮ್ಮವ್ವ ಅಂಗೇ. ಫೋಟೋಕೆ ಅಂದ್ರೆ ನಿಂತ್ಕಳಾಕಿಲ್ಲ." ಬಾಳೆಎಲೆ, ಕುಂಬಳಕಾಯಿ ಕೊಂಡು ಬರುತ್ತೇವೆಂದು ಹೊರಟವರು ಬಾಗಿಲಲ್ಲಿ ನಿಂತು ನಟರಾಜುವಿಗೆ ಹೇಳಿದರು: "ತಮ್ಮ, ಅವ್ವ ಯಾವಾಗ್ಲೂವೆ ಮೊರ ಇಟ್ಕಂಡು ಅಕ್ಕಿ ಕಲ್ಲಾಯ್ತಾ ಕೂತಿರೋಳು. ಅಂಗೇ ಬರಿ. ಕೈ ಕಾಣ್ಲಿ."

ಕೈ. ಮೊರ ಹಿಡಿದವಳ ಕೈಯನ್ನು ಬೆನ್ನ ಹಿಂದೆ ಕಟ್ಟಿಸುವುದು ಹೇಗೆ?

ಕರೆಂಟು ಬಂದಾಗ ಹನ್ನೆರಡಾಗಿತ್ತು. ದಿಕ್ಕು ತೋಚದೆ ಕಿಟಕಿಯಾಚೆ ನೋಡಿದ. ರಸ್ತೆಯ ಎದುರಿಗೆ ಸುಂದ್ರಮ್ಮನ ಊಟದ ಹೋಟೆಲು. ಅವನು ದಿನಾ ಮಧ್ಯಾಹ್ನ ಮುದ್ದೆ ಉಣ್ಣುತ್ತಿದ್ದದ್ದು ಅಲ್ಲೇ. ಜಗಲಿಯ ಮೇಲೆ ಸುಂದ್ರಮ್ಮ ಕಾಲು ಚಾಚಿ ಕೂತು, ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆಯುತ್ತಿದ್ದರು.

ನಟರಾಜು ಅತ್ತಿತ್ತ ನೋಡಿದ. ನೀಲಕಂಠಸ್ವಾಮಿ ಪೇಪರಿನೊಳಗಿದ್ದರು. ಅವನು ಮೌಸ್ ಹಿಡಿದ.

ಈ ಸಲ ಮೂಗಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅವನು ಕಂಡದ್ದನ್ನಷ್ಟೇ ಬರೆದ. ಎರಡು ಬೆರಳು ಕಲ್ಲಿನ ಮೇಲೆ ಇಳಿಯುವುದು, ಹಿಡಿಯುವುದು, ಉಳಿದ ಮೂರು ಬೆರಳು ದೂರ ಸರಿದು ದಾರಿ ಬಿಡುವುದು. ಒಂದು ಗಂಟೆಯಲ್ಲಿ ಮೊರ ಬಂತು, ಮೊರದ ಮೇಲೆ ಕೈ ಬಂತು. ಶುಂಠಿಯಲ್ಲ, ಕೈಯೇ. ಮೇಲೊಂದು ಮುಖವೂ ಬಂತು. ಅದು ಸಾಕ್ಷಾತ್ ಸುಂದ್ರಮ್ಮನೇ ಎಂದು ಅವನಿಗೆ ಕಂಡಿತು. ಮನುಷ್ಯ ನಲವತ್ತೇಳು ಎಂದು ಹೆಸರಿಟ್ಟು, ಮರೆಯದೆ ಉಳಿಸಿಟ್ಟ.

ಅಕ್ಕ ತಮ್ಮ ಬಂದರು. ರಾಚಮ್ಮ ಪರದೆ ನೋಡಿದವರೇ ಕುಂಬಳಕಾಯಿಯನ್ನು ನೀಲಕಂಠಸ್ವಾಮಿಯವರ ಮಡಿಲಿಗೆ ಹಾಕಿ ಬಾಯಿಗೆ ಸೆರಗಿಟ್ಟುಕೊಂಡರು.

"ಅವ್ವಾ! ಇವ್ಳೇ ಕಣ್ಲಾ ಮಾದೇವ! ಬಾಯಿ ನೋಡು, ಕಲ್ಲು ಸಿಕ್ದಾಗ ಅಂಗಡಿಯವನ್ನ ಬಯ್ಯೋಕೆ ತಗೆದಿರೋ ಬಾಯಿ!"

"ಊಂ ಕಣಕ್ಕ," ಮಹದೇವಯ್ಯ ಪರದೆಯ ಹತ್ತಿರಕ್ಕೆ ಬಗ್ಗಿದರು. "ಮೂಗು ಅಗಲವಾಗೇ ಅದೆ."

ನೀಲಕಂಠಸ್ವಾಮಿ ಕುಂಬಳಕಾಯಿ ಕೆಳಗಿಟ್ಟು, ಆ ವರ್ಷದಲ್ಲಿ ಮೊದಲನೆಯ ಸಲ ನಟರಾಜುವಿನ ಬೆನ್ನು ತಟ್ಟಿದರು. "ಪ್ರೋಗ್ರಾಮು ಇರ್ಲಿ ಕಣೋ."

ಚಿತ್ರ ಬಣ್ಣದಲ್ಲಿ ಅಚ್ಚಾಗಿ, ಲ್ಯಾಮಿನೇಷನ್ನಿನಿಂದ ಬಿಸಿಬಿಸಿಯಾಗಿ ಹೊರಗೆ ಬಂತು. ಮಹದೇವಯ್ಯ ಅದನ್ನು ಎರಡು ಕೈಯಲ್ಲೂ ಹಿಡಿದು, "ಬೆಳಗಿಂದ ಯಾರೂ ಉಂಡಿಲ್ಲ. ಬನ್ನಿ, ಎದುರಿಗೇ ಹೋಟ್ಲದಲ್ಲ," ಎಂದರು.

ಬದುಕಿರುವವರ ಚಿತ್ರಕ್ಕೆ ಹೂವೇರಿಸಿ ಎಡೆ ಇಡಿಸಲು ಹೊರಟಿದ್ದೇನೆಂಬುದು ನಟರಾಜುವಿಗೆ ಆಗಲೇ ಹೊಳೆದದ್ದು.

"ಅಲ್ಲಿ ಬೇಡಿ ಯಜಮಾನ್ರೇ. ಅಲ್ಲಿ... ಅಲ್ಲಿ ಸಾರು ಚೆನ್ನಾಗಿರಲ್ಲ."

"ದಿನಾ ಎರಡು ಸಲ ಹಾಕಿಸ್ಕೊಂಡು ಕುಡೀತೀಯಲ್ಲೋ!" ಎಂದ ನೀಲಕಂಠಸ್ವಾಮಿ ರಸ್ತೆ ದಾಟುತ್ತಲೇ ಕೂಗಿದರು. "ಸುಂದ್ರಮ್ಮ, ನಿಮ್ಮ ಸಾರು ಚೆನ್ನಾಗಿರಲ್ವಂತೆ. ನಮ್ಮ ನಟರಾಜು ಹೇಳ್ತಾನೆ."

ಸುಂದ್ರಮ್ಮ ಅವನನ್ನು ಒಮ್ಮೆ ನೋಡಿ, ತಟ್ಟೆ ತರಲು ಒಳಗೆ ಹೋದರು.

ಊಟಕ್ಕೆ ಕೂತ ಮಹದೇವಯ್ಯ ಚಿತ್ರವನ್ನು ಪಕ್ಕದ ನೀರಿನ ಕೊಡಕ್ಕೆ ಒರಗಿಸಿದರು. ರಾಚಮ್ಮ ಚೀಲದಿಂದ ಒಂದು ಚೆಂಡುಹೂವು ತೆಗೆದು ಅದರ ಮೇಲಿಟ್ಟರು. ಸುಂದ್ರಮ್ಮ ತಟ್ಟೆಗಳನ್ನು ಹಿಡಿದು ಬರುವುದಕ್ಕೂ ನಟರಾಜು ಎದ್ದು ಕೊಡಕ್ಕೆ ಅಡ್ಡ ನಿಲ್ಲುವುದಕ್ಕೂ ಸರಿಹೋಯಿತು. ಅವನ ಕೈ ತಗುಲಿ ಎರಡು ಲೋಟ ಉರುಳಿದವು.

"ಸರಿಯಪ್ಪ ಅತ್ಲಾಗೆ. ಬಾಗಿಲಲ್ಲಿ ನಿಂತ ಕಂಡಕ್ಟ್ರಂಗೆ ನಿಂತವ್ನೆ," ಎಂದರು ಸುಂದ್ರಮ್ಮ. "ಅದ್ಯಾರ ಫೋಟೋ?"

"ನಮ್ಮವ್ವಂದು. ನಾಳೆ ಎಡೆಗೆ," ಎಂದರು ರಾಚಮ್ಮ.

ಸುಂದ್ರಮ್ಮ ನೋಡಲು ಬಗ್ಗಿದರು. ನಟರಾಜು ಬಲಕ್ಕೆ ಸರಿದ. ಅವರು ಎಡಕ್ಕೆ ಬಗ್ಗಿದರು, ಅವನು ಎಡಕ್ಕೆ ಸರಿದ. ಕೊನೆಗೆ ಅವನಿಗೆ ತಡೆಯಲಾಗಲಿಲ್ಲ.

"ತಪ್ಪಾಯ್ತು ಸುಂದ್ರಮ್ಮ! ಕಿಟಕಿಯಿಂದ ನಿಮ್ಮನ್ನೇ ನೋಡ್ಕೊಂಡು ಬರೆದುಬಿಟ್ಟೆ! ಅದು ನೀವೇ!"

ಉಣ್ಣುತ್ತಿದ್ದವರೆಲ್ಲ ತುತ್ತು ಕೈಯಲ್ಲೇ ಹಿಡಿದು ತಿರುಗಿದರು. "ಬದುಕಿದ್ದಂಗೇ ನಂಗೆ ಎಡೆ ಇಡುಸ್ತಿದ್ಯಾ?" ಎನ್ನುತ್ತಾ ಸುಂದ್ರಮ್ಮ ಕೈ ಒರೆಸಿಕೊಂಡು ಚಿತ್ರ ಎತ್ತಿಕೊಂಡರು. ದೂರ ಹಿಡಿದು ನೋಡಿದರು. ಹತ್ತಿರ ತಂದು ನೋಡಿದರು.

"ಇದು ನಾನಾ?"

ನೀಲಕಂಠಸ್ವಾಮಿ ಚಿತ್ರವನ್ನು ಅವರ ಮುಖದ ಪಕ್ಕಕ್ಕೆ ಹಿಡಿದರು. ಹೋಟೆಲಿನವರೆಲ್ಲ ಇದನ್ನೊಮ್ಮೆ ಅದನ್ನೊಮ್ಮೆ ನೋಡಿದರು. ಮೂಗು ಸೇರಲಿಲ್ಲ. ಕಣ್ಣು ಸೇರಲಿಲ್ಲ.

"ಇವ್ರೆಲ್ಲಿ, ನಮ್ಮವ್ವ ಎಲ್ಲಿ!" ರಾಚಮ್ಮ ನಕ್ಕರು. "ಇವ್ರದ್ದು ಗುಂಡು ಮುಖ, ಅವ್ವಂದು ಕೋಲು ಮುಖ. ನಿಂಗೇನೋ ಭ್ರಮೆ ಕಣಪ್ಪ."

ನಟರಾಜು ಕೂಡ ನೋಡಿದ. ನಿಜ, ಒಂದಿಷ್ಟೂ ಹೋಲಿಕೆಯಿರಲಿಲ್ಲ. ಬಾಯಿ ಮುಚ್ಚಿಕೊಂಡು ಮುದ್ದೆ ಉಂಡಿದ್ದರೆ ಸಾಕಿತ್ತು.

ನೀಲಕಂಠಸ್ವಾಮಿ ನಿಧಾನವಾಗಿ ಕೇಳಿದರು. "ಅಂದ್ರೆ, ನೀನು ಬರೆದದ್ದು ಸುಂದ್ರಮ್ಮನ್ನ?"

"ಹೂಂ."

"ಬಂದಿದ್ದು ಕೆಂಪಾಜಮ್ಮ?"

"ಹೂಂ..."

"ನಾನೇನಂದಿದ್ದೆ? ಯಾರನ್ನ ಬರೀತೀಯೋ ಅವರೇ ಬರ್ಬೇಕು."

"ಯಾರ್ನಾರ ನೋಡ್ಲಿ ಬುಡಿ ಸ್ವಾಮಿ, ಬಂದಿರೋಳು ನಮ್ಮವ್ವ," ಎಂದು ರಾಚಮ್ಮ ಅವನ ಪರವಾಗಿ ಹೇಳಿದರು. ನೀಲಕಂಠಸ್ವಾಮಿ ಕೇಳಲಿಲ್ಲ. ಅಕ್ಕ ತಮ್ಮ ಚಿತ್ರವನ್ನು ಎಡೆಗೆ ತಂದ ಹೊಸ ಸೀರೆಯೊಳಗೆ ಸುತ್ತಿಟ್ಟುಕೊಂಡು ಸಂತೋಷವಾಗಿ ಬಸ್ಸು ಹತ್ತಿದರು. ಅವರ ಬಸ್ಸು ತಿರುವು ದಾಟುವಷ್ಟರಲ್ಲಿ ಕಂಪ್ಯೂಟರಿನಿಂದ ಪ್ರೋಗ್ರಾಮು ಹೋಗಿತ್ತು. ನಲವತ್ತೇಳು ಮನುಷ್ಯರೂ ಹೋಗಿದ್ದರು.

ನಟರಾಜು ಉಣ್ಣದೆ ವಾಪಸು ಬಂದು ಗೋವಿಂದಯ್ಯನವರ ಅರ್ಜಿ ಟೈಪು ಮಾಡಲು ಕೂತ. ಪರದೆ ಬೆಳ್ಳಗಿತ್ತು. ಯಾವ ವಾಸನೆಯೂ ಬರಲಿಲ್ಲ. "ಮಾನ್ಯರೇ," ಎಂದು ಹೊಡೆದ, ಅಳಿಸಿದ, ಮತ್ತೆ ಹೊಡೆದ.

ಸ್ವಲ್ಪ ಹೊತ್ತಿಗೆ ಕೀಬೋರ್ಡು ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಮುಚ್ಚಿದ ತಟ್ಟೆಯೊಂದು ಆ ಜಾಗಕ್ಕೆ ಬಂತು. ಅದನ್ನು ಹಿಡಿದಿದ್ದ ಕೈಯನ್ನು ಅವನು ನೋಡಿದ. ಎರಡು ಬೆರಳು ಅಂಚು ಹಿಡಿದಿದ್ದವು, ಉಳಿದ ಮೂರು ದೂರ ಸರಿದಿದ್ದವು. ಮುಖ ನೋಡುವ ಗಡಿಬಿಡಿಯಲ್ಲಿ ಚಿತ್ರದ ಕೈಯನ್ನು ಯಾರೂ ನೋಡಿರಲಿಲ್ಲ.

ಸುಂದ್ರಮ್ಮ ಮುಚ್ಚಳ ತೆಗೆದಿಟ್ಟು ಹೋದರು. ಮುದ್ದೆಯ ಪಕ್ಕದಲ್ಲಿ ಸಾರಿನ ಬಟ್ಟಲು ಎರಡಿದ್ದವು.