ಎಂಟರಲ್ಲಿ ಏಳು ಬಡಿಸಿದ ಕಥೆ

ಲಾಂಚಿನ ಎಂಜಿನ್ನನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸಿದ ಕೈ ಇದು! ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಹೊಳೆಬಾಗಿಲಿನ ಲಾಂಚ್ ಕಡವಿನಲ್ಲಿ ಮೂವತ್ತು ವರ್ಷ ಎಂಜಿನ್ನಿನ ಜೊತೆ ಮಾತಾಡಿ, ಅರವತ್ತು ದಾಟಿದ ಮೇಲೆ ಯಾರ ಹಂಗೂ ಇಲ್ಲದೆ ಕಂಪ್ಯೂಟರ್ ಕಲಿತವನು ಈ ಕೆರಿಯಪ್ಪ. ಅಂಥ ನಾನು ಮೊನ್ನೆ ಶನಿವಾರ ಬೆಳಿಗ್ಗೆ ಘೋಷಿಸಿದೆ: "ಇವತ್ತು ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಹುಟ್ಟಿಸ್ತೀನಿ!"

ಹೆಂಡತಿ ರಂಗಮ್ಮ ತಲೆಯನ್ನೂ ಎತ್ತಲಿಲ್ಲ. "ಇರೋದನ್ನ ನೆಟ್ಟಗೆ ಸಾಕಿ, ಸಾಕು."

"ವರ್ಚುವಲ್ ಮೆಷಿನ್ ಅಂತಾರೆ ಕಣೆ. ಅದರೊಳಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿ ನೋಡೋದು. ಕೆಟ್ರೆ ಒಳಗಿಂದು ಕೆಡುತ್ತೆ, ಹೊರಗಿಂದು ಕಲ್ಲುಗುಂಡು!"

"ಎಂತಾದ್ರೂ ಮಾಡ್ಕಳಿ. ಮೊದ್ಲು ನನ್ನ ಅರ್ಜಿ ಕಳ್ಸಿ. ಇವತ್ತು ಐದು ಗಂಟೆಗೇ ಕಡೆ."

ಕೆಳದಿಯಲ್ಲಿ ಹಸೆ ಚಿತ್ತಾರದ ಪ್ರದರ್ಶನವಿತ್ತು. ನಲವತ್ತು ವರ್ಷ ಕಂಡಕಂಡವರ ಮದುವೆಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಗೆರೆ ಎಳೆದವಳಿಗೆ ಮೊದಲ ಸಲ ಅವಳ ಹೆಸರು ಬರೆದು ಕೂರಿಸುವ ಜಾಗ ಅದು. ಅರ್ಜಿಗೆ ಬೇಕಾದ ಚಿತ್ತಾರದ ಫೋಟೊಗಳೆಲ್ಲ ಈ ಕಂಪ್ಯೂಟರಿನಲ್ಲೇ ಇದ್ದವು.

"ಹೊಸ ಯಂತ್ರದಿಂದಲೇ ಕಳಿಸ್ತೀನಿ. ನಿನ್ನ ಅರ್ಜಿಯೇ ಅದರ ಬೋಣಿ!"

ಶುರುವಿನಲ್ಲೇ ಯಂತ್ರ ಕೇಳಿತು: ನಿನ್ನ ಹತ್ತಿರ ಎಂಟು ಜಿಬಿ ಮೆಮೊರಿ ಇದೆ, ಒಳಗೆ ಬರುವವನಿಗೆ ಎಷ್ಟು ಕೊಡುತ್ತೀ? ಇದೆಂಥ ಪ್ರಶ್ನೆ! ಮನೆಗೆ ಹೊಸಬ ಬಂದಿದ್ದಾನೆ, ಅರೆಹೊಟ್ಟೆಗೆ ಬಡಿಸುವ ವಂಶವೇ ನಮ್ಮದು? ಸಾಕು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದವರಿಗೂ ಬೆರಳ ಸಂದಿಯಲ್ಲಿ ಇನ್ನೊಂದು ಸೌಟು ಸುರಿಯುವವರು ನಾವು! ಧಾರಾಳವಾಗಿ ಏಳು ಕೊಟ್ಟೆ. ತೆರೆಯಲ್ಲಿ ಅಂಕಿಯ ಪಕ್ಕದ ಗೆರೆ ಕೆಂಪಗಾಯಿತು. ಕುಂಕುಮದ ಬಣ್ಣ, ಶುಭ ಎಂದುಕೊಂಡೆ.

ಹೊಸಬನ ಮುಖ ಅರ್ಧ ಮೂಡಿತು. ಅಷ್ಟೇ! ಮೌಸಿನ ಬಾಣ ಕೆಸರಲ್ಲಿ ಹೂತ ಎಮ್ಮೆಯಂತೆ ನಿಂತುಬಿಟ್ಟಿತು. ಒಳಗಿನದೂ ಇಲ್ಲ, ಹೊರಗಿನದೂ ಇಲ್ಲ. ಕಂಪ್ಯೂಟರಿನ ಬೆನ್ನು ಸವರಿದೆ, ಬೀಸಣಿಗೆಯಲ್ಲಿ ಗಾಳಿ ಹಾಕಿದೆ. ಊಟ ಮುಗಿಯಿತು, ಮೂರು ಹೊಡೆಯಿತು.

"ಅರ್ಜಿ ಹೋತಾ?"

"ಹೊರಟಿದೆ."

"ಎಲ್ಲಿ ತನಕ ಹೋತು?"

ನಾಲ್ಕೂಕಾಲಿಗೆ ಅವಳೇ ಬಂದು ನಿಂತಾಗ, ಎಲ್ಲವನ್ನೂ ಒಪ್ಪಿಕೊಂಡೆ.

"ಎಂಟ್ರಲ್ಲಿ ಏಳು ಅವನಿಗೇ ಬಡ್ಸಿದ್ರಾ?" ರಂಗಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಮತ್ತೆ ಬಡ್ಸೋನು ಎಂತ ತಿಂದು ಸೌಟು ಎತ್ತಬೇಕು ಮಾರಾಯ್ರೆ?"

ನಾನು ನೋಡಿದ ಹನ್ನೊಂದು ವಿಡಿಯೊಗಳಲ್ಲಿ ಒಬ್ಬನಾದರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ!

"ಸ್ವಿಚ್ ಆರ್ಸಿ."

"ಫೋಟೊ ಎಲ್ಲ ಹೋದ್ರೆ?"

"ನನ್ನ ಕೈ ಹೋಗಿಲ್ವಲ್ಲ. ಆರ್ಸಿ ಅಂದೆ!" ಎಂದಳು. ಸ್ವರ ಮಾತ್ರ ಸಣ್ಣಗೆ ನಡುಗಿತು.

ಆರಿಸಿದೆ. ಮತ್ತೆ ಹಾಕಿದೆ. ದೇವರು ದೊಡ್ಡವನು, ಒಂದು ಫೋಟೊಗೂ ಗಾಯವಾಗಿರಲಿಲ್ಲ! ಹೊಸಬನನ್ನು ಮಲಗಲು ಬಿಟ್ಟು, ಹಳೆಯ ಯಂತ್ರದಲ್ಲೇ ಎರಡು ಬೆರಳಲ್ಲಿ ಅರ್ಜಿ ತುಂಬಿದೆ. ಐದಕ್ಕೆ ಎಂಟು ನಿಮಿಷವಿತ್ತು. ಕೊನೆಗೊಂದು ಅಂಕಣ: "ಕಲಾವಿದರ ಸಹಾಯಕರು." ಮೆಲ್ಲಗೆ ಅವಳ ಮುಖ ನೋಡಿದೆ.

"ನಿಮ್ಮ ಹೆಸ್ರೇ ಹಾಕಿ. ಮತ್ಯಾರು ಬರ್ತಾರೆ ನನ್ನ ಜೊತೆ?"

ನನ್ನ ಎದೆ ಲಾಂಚಿನಷ್ಟು ಅಗಲವಾಯಿತು! ಅದರ ಕೆಳಗೆ ಇನ್ನೊಂದು ಅಂಕಣ: "ಸಹಾಯಕರ ಕೆಲಸ."

"ಬಣ್ಣದ ಕುಡಿಕೆ ಹೊರೋದು ಅಂತ ಬರೀರಿ," ಎಂದಳು. ನಾನು ಬರೆದು ಮುಗಿಸುವವರೆಗೂ ಕಾದು, ತೆರೆಯತ್ತ ಬೆರಳು ತೋರಿಸಿದಳು. "ಪಕ್ಕದಲ್ಲಿ ಕಂಸ ಹಾಕಿ: 'ಮುಚ್ಚಳ ತೆಗೆಯುವಂತಿಲ್ಲ!'"