ಬುತ್ತಿ ತಂದುಕೊಟ್ಟ ಕವಿತೆ

ಬದುಕಿನ ಅನುಭವದಿಂದಲೇ ಕವಿತೆ ಹುಟ್ಟುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಅದು ನಿಜವಾದರೆ ನಾನು ಪೆನ್ನು ಮುಟ್ಟಲೇಬಾರದು. ಹರಪನಹಳ್ಳಿಯಲ್ಲಿ ಹುಟ್ಟಿ, ಅಲ್ಲೇ ಓದಿ, ಓದಿದ ಶಾಲೆಯಲ್ಲೇ ಮೇಷ್ಟ್ರಾದವನು ನಾನು. ಹಸಿವು ಎಂದರೆ ಊಟ ತುಸು ತಡವಾಗುವುದು ಎಂದೇ ತಿಳಿದಿದ್ದೆ. ಪ್ರೇಮಭಂಗಕ್ಕೆ ಅವಕಾಶ ಸಿಗುವ ಮೊದಲೇ ಅಪ್ಪ ಹಲವಾಗಲು ಊರಿನ ಗಿರಿಜಳನ್ನು ನೋಡಿ ಮದುವೆ ಮಾಡಿ ಮುಗಿಸಿದರು. ಕವಿಗೋಷ್ಠಿಗಳಲ್ಲಿ ಪರಿಚಯವಾದ ಗೆಳೆಯ ಕೊಟ್ರಪ್ಪನ ಅದೃಷ್ಟ ನೋಡಿ. ಹಗರಿಬೊಮ್ಮನಹಳ್ಳಿಯವನು, ಚಿಕ್ಕಂದಿನಲ್ಲಿ ಕುರಿ ಕಾದವನು. ಅವನು ವೇದಿಕೆ ಹತ್ತಿ ಎರಡು ಸಾಲು ಓದಿದರೆ ಸಭೆಗೆಲ್ಲ ಕುರಿಹಟ್ಟಿಯ ವಾಸನೆ ಬರುತ್ತದೆ. ಅದೇ ಕುರಿಯ ಮೇಲೆ ನಾನು ಬರೆದರೆ ಜನ ವಾಚು ನೋಡಿಕೊಳ್ಳುತ್ತಾರೆ. ಒಮ್ಮೆಯಾದರೂ ಸಭೆಯ ಕಣ್ಣು ಒದ್ದೆ ಮಾಡಬೇಕೆಂಬ ಆಸೆ ನನ್ನನ್ನು ಬಹಳ ದಿನ ಕಾಡಿತ್ತು.

ಮೊನ್ನೆ ಗಿರಿಜ ತನ್ನ ತಂಗಿಯ ಬಸುರಿ ಮಗಳಿಗೆ ಕುಬುಸದ ಶಾಸ್ತ್ರ ಮಾಡಲೆಂದು ತವರಿಗೆ ಹೋದವಳು ವಾರ ಉಳಿದಳು. ಮೊದಲ ದಿನ ಚಹಾ ಉಕ್ಕಿತು, ಎರಡನೆಯ ದಿನ ಅನ್ನ ಸೀದಿತು, ಮೂರನೆಯ ದಿನ ನನಗೆ ಕಾವ್ಯ ಬಂತು. ಅಂತೂ ಅನುಭವ ಮನೆ ಬಾಗಿಲಿಗೇ ಬಂದಿತಲ್ಲ ಎಂದು ಕೂತು 'ಆರಿದ ಒಲೆ' ಎಂಬ ಕವಿತೆ ಬರೆದೆ. ಕೊಟ್ಟೂರಿನ ಕವಿಗೋಷ್ಠಿಯಲ್ಲಿ ಓದುವಾಗ ನನ್ನ ಗಂಟಲೂ ಕಟ್ಟಿತ್ತು; ಹೋಟೆಲಿನ ಮಿರ್ಚಿಯ ಪ್ರಭಾವ. ಈ ಸಲ ಯಾರೂ ವಾಚು ನೋಡಿಕೊಳ್ಳಲಿಲ್ಲ. ಕೊಟ್ರಪ್ಪ ನನ್ನ ಭುಜದ ಮೇಲೆ ಕೈಯಿಟ್ಟು, "ಧೈರ್ಯ ತಗೋರಿ ಮೇಷ್ಟ್ರ" ಎಂದ. ಕವಿಗಳ ಮೆಚ್ಚುಗೆ ಹೀಗೇ ಇರುತ್ತದೆ ಎಂದುಕೊಂಡು ನಾನೂ ಗಂಭೀರವಾಗಿ, "ಏನ್ ಮಾಡೋದು, ಅನುಭವಿಸಬೇಕು" ಎಂದೆ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬಂಧುಬಳಗ ಬುತ್ತಿ ಕಟ್ಟಿಕೊಂಡು ಮಾತಾಡಿಸಲು ಬರುತ್ತದೆ ಎಂಬುದು ಗೊತ್ತಿದ್ದೂ ನನ್ನ ತಲೆಗೆ ಹೊಳೆಯಲಿಲ್ಲ.

ಗಿರಿಜ ಮರಳಿ ಬಂದ ಮರುದಿನ ಕೊಟ್ರಪ್ಪ, ಅವನ ಹೆಂಡತಿ ಹಾಲಮ್ಮ ಬುತ್ತಿಗಂಟು ಹೊತ್ತು ಬಂದರು. ಬಾಗಿಲು ತೆರೆದವಳು ಗಿರಿಜ. ಅವಳನ್ನು ಅವರು ಎಂದೂ ನೋಡಿದವರಲ್ಲ.

"ತಾವು ಯಾರ್ರೀ?" ಎಂದ ಕೊಟ್ರಪ್ಪ.

"ಮೇಷ್ಟ್ರ ಮನಿಯಾಕಿ. ಬರ್ರಿ ಒಳಗ."

ಹಾಲಮ್ಮನ ಕೈಯಲ್ಲಿದ್ದ ಗಂಟು ಜಾರಿತು. ಗಂಡನ ಕಿವಿಯಲ್ಲಿ ಅವಳು ಹೇಳಿದ್ದು ಒಳಕೋಣೆಯಲ್ಲಿದ್ದ ನನಗೂ ಕೇಳಿಸಿತು. "ಇನ್ನಾ ಮಣ್ಣು ಆರಿಲ್ಲ, ಆಗ್ಲೇ ಇನ್ನೊಬ್ಬಾಕಿನ್ನ ತಂದಾರಲ್ರೀ."

ಹೊರಗೆ ಬಂದು ತೊದಲುತ್ತಾ ವಿಷಯ ಬಿಡಿಸಿ ಹೇಳಿದೆ. ಹೇಳುವಾಗಲೂ ಒಳಗೊಳಗೇ ಹಿಗ್ಗು. ಕೊಟ್ರಪ್ಪನ ಯಾವ ಕುರಿಗೂ ಇದುವರೆಗೆ ಯಾರೂ ಬುತ್ತಿ ತಂದಿರಲಿಲ್ಲ.

ಗಿರಿಜ ಸಿಟ್ಟಾಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, "ಓದ್ರಿ, ನಾ ಹೆಂಗ ಸತ್ತೀನಿ ಕೇಳೂಣು" ಎಂದಳು. ಓದಿದೆ. ಕೊಟ್ಟೂರಿಗಿಂತ ಚೆನ್ನಾಗಿಯೇ ಓದಿದೆ.

"ಚಾ ಐತಿ, ರೊಟ್ಟಿ ಐತಿ, ಜಳಕದ ನೀರು, ಇಸ್ತ್ರಿ ಅಂಗಿ ಎಲ್ಲಾ ಐತಿ. ನಾ ಎಲ್ಲದೀನ್ರಿ ಇದ್ರಾಗ? ಸತ್ತಾಕಿ ನಾನಲ್ಲ ಬಿಡ್ರಿ, ಅಡಿಗಿಯಾಕಿ."

ಬಾಗಿಲಲ್ಲಿ ಆದದ್ದಕ್ಕಿಂತ ದೊಡ್ಡ ಆಘಾತ ನನಗೆ ಆಗ ಆಯಿತು. ಹಾಳೆಯನ್ನು ಮತ್ತೆ ನೋಡಿದೆ. ಅವಳ ನಗು ಇಲ್ಲ, ಮಾತಿಲ್ಲ, ಮುಖವೂ ಇಲ್ಲ. ಕವಿಯ ಬದುಕು ಕವಿತೆಯಲ್ಲಿ ಇಳಿಯುತ್ತದೆ ಎನ್ನುವುದು ಸುಳ್ಳಲ್ಲ, ನನ್ನದು ಹಾಗೆಯೇ ಇಳಿದಿತ್ತು.

ಅಷ್ಟರಲ್ಲಿ ಗಿರಿಜ ಕೈ ತೊಳೆದು ಬಂದು ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ. ಹಾಲಮ್ಮನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ನಿಧಾನವಾಗಿ ಉಂಡಳು. "ಸತ್ತ ಮ್ಯಾಲಾದ್ರೂ ಇನ್ನೊಬ್ರು ಬಡಿದ ರೊಟ್ಟಿ ಕುಂತು ಉಣ್ಣಂಗಾತು ನೋಡವ್ವ" ಎಂದಳು. ಹಾಲಮ್ಮ ನಕ್ಕಳು. ನಾನೂ ಕೊಟ್ರಪ್ಪನೂ ನಗಲಿಲ್ಲ.

ಸಂಜೆ ಅವರು ಬಸ್ಸು ಹತ್ತಿದ ಮೇಲೆ ಚಹಾ ನಾನೇ ಮಾಡಿದೆ. ಲೋಟ ಅವಳ ಮುಂದಿಟ್ಟು, ಇಷ್ಟು ವರ್ಷದಲ್ಲಿ ಕೇಳದ ಪ್ರಶ್ನೆಯನ್ನು ಮೆಲ್ಲಗೆ ಕೇಳಿದೆ. "ಗಿರಿಜಾ, ನಿನ್ನ ಮನಸಿಗೆ ಏನು ಸೇರ್ತೈತಿ?"

ಅವಳು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಯಾಕ್ರೀ, ಮುಂದಿನ ಕವಿಗೋಷ್ಠಿ ಯಾವೂರಾಗ ಐತಿ?"

"ಹಡಗಲ್ಯಾಗ" ಎಂದೆ.