ತಾನೇ ಬೀಗ ಹಾಕಿಕೊಳ್ಳುವ ಕಾರು

ಕನ್ನಡಕದವರ ಹೊಸ ಎಲೆಕ್ಟ್ರಿಕ್ ಕಾರಿಗೆ ಒಂದೇ ಒಂದು ದುರಭ್ಯಾಸ. ಅದು ಯಾರ ಅಪ್ಪಣೆಯನ್ನೂ ಕೇಳದೆ ಬೀಗ ಹಾಕಿಕೊಳ್ಳುತ್ತಿತ್ತು.

ಆ ಬೆಳಗ್ಗೆಯೂ ತಮ್ಮ ಕನ್ನಡಕದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಇನ್ನೇನು ಇಳಿಯಬೇಕು ಎನ್ನುವಷ್ಟರಲ್ಲಿ 'ಟಕ್' ಎಂದಿತು. ಹಿಡಿ ಎಳೆದರೆ ಬಾಗಿಲು ಬರಲಿಲ್ಲ, ಗುಂಡಿ ಒತ್ತಿದರೆ ಕಿಟಕಿ ಇಳಿಯಲಿಲ್ಲ. ಫೋನಿನಲ್ಲಿ ಕಾರಿನ ಆ್ಯಪ್ ತೆರೆದು ಬೀಗ ತೆಗೆದರು. ಕೈ ಹಿಡಿಗೆ ಹೋಗುವ ಮೊದಲೇ ಮತ್ತೆ 'ಟಕ್'. ಅಂಗಡಿಗೆ ಬಂದ ಗಿರಾಕಿಯೊಬ್ಬರು ಗಾಜಿನಾಚೆ ನಿಂತು, ತೊಟ್ಟಿಯಲ್ಲಿಟ್ಟ ಮೀನನ್ನು ನೋಡುವ ಹಾಗೆ ಅವರನ್ನು ನೋಡಿ, ಪಕ್ಕದ ರಸ್ತೆಯ ಇನ್ನೊಂದು ಅಂಗಡಿಗೆ ಹೋಗಿಬಿಟ್ಟರು. ಅಂತೂ ಇಂತೂ ಬಾಗಿಲು ತೆರೆದಾಗ ಕನ್ನಡಕದವರ ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತ್ತು.

ಕೊಳ್ಳುವಾಗ ಕುಣಿದವರು ಅವರೇ. ಹೊಗೆಯಿಲ್ಲ, ಸದ್ದಿಲ್ಲ, ಎತ್ತರದ ಸೀಟು, ಎಲ್ಲ ಫೋನಿನಲ್ಲೇ ಕಾಣುತ್ತದೆ ಎಂದು ಸಿಕ್ಕವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. "ನೀನೆಲ್ಲಿದ್ದೀಯ ಅಂತ ನನಗೂ ಗೊತ್ತಾಗುತ್ತೇನೋ?" ಎಂದು ಅಮ್ಮ ಕೇಳಿದಾಗ ಉಬ್ಬಿಹೋಗಿ ಅವರ ಫೋನಿಗೂ ಆ್ಯಪ್ ಹಾಕಿಕೊಟ್ಟಿದ್ದರು. ಈಗ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

"ರೀ, ಮಗೂನ ನಾನು ಅದರಲ್ಲಿ ಕೂರಿಸಲ್ಲ. ಹೊಗೆ ಗಿಗೆ ಬಂದ್ರೆ ಹೊರಗೆ ಬರೋದು ಹೇಗೆ ಹೇಳಿ."

ನಿಜ ಹೇಳಬೇಕೆಂದರೆ ಆ ಹೆದರಿಕೆ ಕನ್ನಡಕದವರಿಗೂ ಇತ್ತು. ಮನೆಯಲ್ಲಿ ನಿಶ್ಚಿಂತೆಯಿಂದ ಇದ್ದವರು ಅಮ್ಮ ಒಬ್ಬರೇ. ಮನೆಗೆ ಬೀಗ ಹಾಕಿದರೆ ಜಗ್ಗಿ ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಜಗ್ಗಿ ನೋಡುವ ಹೆಂಗಸು ಅವರು. "ಬೀಗ ಬಿದ್ದಿದ್ದಕ್ಕೆ ಯಾರಾದ್ರೂ ಅಳ್ತಾರೇನೋ?" ಎಂದು ಮಗನನ್ನೇ ಗದರಿದ್ದರು.

ದೂರಿನ ಮೇಲೆ ದೂರು ಕೊಟ್ಟು ಕನ್ನಡಕದವರ ಗಂಟಲು ಒಣಗಿದ ಮೇಲೆ ಕಂಪನಿ ಒಬ್ಬ ಪರಿಶೀಲಕನನ್ನು ಕಳಿಸಲು ಒಪ್ಪಿತ್ತು. ದೋಷ ಅವನ ಕಣ್ಣಿಗೆ ಬಿದ್ದರೆ ಗಾಡಿ ವಾಪಸ್. ಬೀಳದಿದ್ದರೆ ಗಾಡಿಯನ್ನು ಕಟ್ಟಿಕೊಂಡೇ ಬಾಳಬೇಕು.

ಮಧ್ಯಾಹ್ನ ಪರಿಶೀಲಕ ಬರುವ ಹೊತ್ತಿಗೆ ಅವರ ಮನೆಯಿದ್ದ ಕಟ್ಟಡದ ಕೆಳಗೆ ಆಗಲೇ ಸಭೆ ಸೇರಿತ್ತು. ಮೇಲಿನ ಮನೆಯ ನಿವೃತ್ತ ವಿಜ್ಞಾನದ ಮೇಷ್ಟ್ರು ಕೈಯಲ್ಲೊಂದು ಅಯಸ್ಕಾಂತ ಹಿಡಿದು ಬಂದಿದ್ದರು. ಎದುರು ಮನೆಯ ದಂತವೈದ್ಯೆ ಮಾತ್ರ ಯಾವ ಸಿದ್ಧತೆಯೂ ಇಲ್ಲದೆ ಬರಿಯ ಅನುಭವದ ಮೇಲೆ ಬಂದಿದ್ದರು.

"ಇದು ನೆಲದ ಕಾಂತಕ್ಷೇತ್ರದ ಪ್ರಭಾವ ಕಣಪ್ಪಾ," ಎಂದರು ಮೇಷ್ಟ್ರು. "ಗಾಡೀನ ಸ್ವಲ್ಪ ಉತ್ತರಕ್ಕೆ ತಿರುಗಿಸಿ ನೋಡು."

"ಹಲ್ಲು ಕೆಟ್ಟಿದ್ರೆ ನೋವು ಆ ಹಲ್ಲೊಂದನ್ನ ಬಿಟ್ಟು ಬೇರೆಲ್ಲಾ ಕಡೆ ಕಾಣಿಸುತ್ತೆ ಮೇಷ್ಟ್ರೇ. ಬಾಗಿಲು ಬಿಡಿ, ಹಿಂದಿನ ಡಿಕ್ಕಿ ನೋಡಿ," ಎಂದರು ದಂತವೈದ್ಯೆ.

ಕನ್ನಡಕದವರು ಇಬ್ಬರ ಮಾತನ್ನೂ ಕೇಳಿದರು. ಗಾಡಿಯನ್ನು ಉತ್ತರಕ್ಕೆ ತಿರುಗಿಸುವಾಗ ಕಂಬಕ್ಕೆ ಉಜ್ಜಿ ಬಣ್ಣ ಹೋಯಿತು. ಡಿಕ್ಕಿ ತೆಗೆಯುವಾಗ ಮೇಷ್ಟ್ರ ಗದ್ದಕ್ಕೆ ತಗುಲಿತು. ಪರಿಶೀಲಕ ಗಾಡಿಯೊಳಗೆ ಹತ್ತಿದ, ಇಳಿದ, ಎಲ್ಲ ಬಾಗಿಲನ್ನೂ ತೆಗೆದು ಹಾಕಿದ. ಬೀಗ ಮುಗ್ಧ ಮಗುವಿನ ಹಾಗೆ ಹೇಳಿದಂತೆ ಕೇಳಿತು.

"ಏನೂ ತೊಂದರೆ ಇಲ್ವಲ್ಲ ಸರ್," ಎಂದ ಅವನು.

"ಸ್ವಲ್ಪ ತಡೀರಿ, ಇನ್ನೊಂದ್ಸಲ ಒಳಗೆ ಕೂತ್ಕೊಳ್ಳಿ. ದಮ್ಮಯ್ಯ ಅಂತೀನಿ," ಎಂದರು ಕನ್ನಡಕದವರು.

ಪಾಪ, ಒಳ್ಳೆಯ ಹುಡುಗ. ಕೂತ, ಬಾಗಿಲೆಳೆದುಕೊಂಡ. 'ಟಕ್.'

ಕನ್ನಡಕದವರಿಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ಒಳಗೆ ಪರಿಶೀಲಕ ಹಿಡಿ ಎಳೆಯುತ್ತಿದ್ದ, ಗಾಜು ಬಡಿಯುತ್ತಿದ್ದ. ಕನ್ನಡಕದವರು ಅವನನ್ನು ಕಣ್ತುಂಬ ನೋಡಿ, ಆಮೇಲೆ ಮನುಷ್ಯತ್ವ ನೆನಪಾಗಿ, ಕೀಲಿಯ ಗುಂಡಿ ಒತ್ತಿ ಬೀಗ ತೆಗೆದರು. ಮತ್ತೆ 'ಟಕ್'. ತೆಗೆದರು. 'ಟಕ್'. ಪರಿಶೀಲಕ ಕೊನೆಗೆ ಒಳಗಿನಿಂದಲೇ ತನ್ನ ಕಂಪನಿಯ ದೂರು ವಿಭಾಗಕ್ಕೆ ಫೋನ್ ಮಾಡಿದ. ಅವರು ಬಹಳ ನಯವಾಗಿ, "ಚಿಂತೆ ಬೇಡ ಸರ್, ನಮ್ಮ ಪರಿಶೀಲಕರು ಈಗ ನೀವಿರೋ ಜಾಗದಲ್ಲೇ ಇದ್ದಾರೆ, ಅವರಿಗೇ ಹೇಳಿ," ಎಂದು ಫೋನ್ ಇಟ್ಟರು.

ಎಲ್ಲರಿಗೂ ಕಾಫಿ ತರಲು ಮೇಲೆ ಹೋಗಿದ್ದ ಹೆಂಡತಿ ಬಾಲ್ಕನಿಯಿಂದ ಬಗ್ಗಿ ಕರೆದಳು. "ರೀ, ಒಂದ್ನಿಮಿಷ ಮೇಲೆ ಬನ್ನಿ." ಆ ದನಿ ಒಳ್ಳೆಯದಕ್ಕೆ ಕರೆಯುವ ದನಿಯಾಗಿರಲಿಲ್ಲ.

ಮೇಲೆ ಅಮ್ಮ ಕಾಫಿ ಸೋಸಿಟ್ಟು, ಕುರ್ಚಿಯ ತುದಿಯಲ್ಲಿ ಕುಳಿತು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಫೋನ್ ಒತ್ತುತ್ತಿದ್ದರು.

"ಬಂದ್ಯಾ? ಯಾರೋ ನಮ್ಮ ಗಾಡಿ ಬೀಗ ಪದೇ ಪದೇ ತೆಗೀತಿದ್ದಾರೆ ಕಣೋ. ನಾನೂ ಹಾಕ್ತಾನೇ ಇದೀನಿ, ಕಳ್ಳ ನನ್ಮಗ ಬಿಡ್ತಾನೇ ಇಲ್ಲ."

ಕನ್ನಡಕದವರು ಗೋಡೆ ಹಿಡಿದುಕೊಂಡರು. "ಅಮ್ಮಾ, ಬೆಳಗ್ಗೆ ಅಂಗಡಿ ಹತ್ತಿರ?"

"ಅಲ್ಲೂ ತೆಗೆದಿದ್ರು. ಫೋನಲ್ಲಿ ಬೀಗ ತೆರೆದಿರೋ ಚಿತ್ರ ಕಂಡ್ರೆ ನನ್ನ ಕೈ ಸುಮ್ನಿರಲ್ಲಪ್ಪ. ನೀನು ಬುದ್ಧಿವಂತ, ನೆನಪಿರಲ್ಲ, ನಾನಾದ್ರೂ ನೋಡ್ಕೋಬೇಡ್ವಾ?"

ಬಿಡುಗಡೆಯಾದ ಪರಿಶೀಲಕ ಅಮ್ಮನ ಕಾಫಿ ಕುಡಿದು, ಮುಖ ಒರೆಸಿಕೊಂಡು, ಗಾಡಿಯಲ್ಲಿ ದೋಷವಿಲ್ಲ ಎಂದು ಬರೆದುಕೊಂಡ. ಕನ್ನಡಕದವರು ಕೊನೆಯದಾಗಿ ಒಂದು ಪ್ರಶ್ನೆ ಕೇಳಿ ನೋಡಿದರು.

"ಸರಿ, ಬೀಗ ಹಾಕಿದ್ದು ಅಮ್ಮ. ಆದ್ರೆ ಒಳಗಿದ್ದೋರು ಹಿಡಿ ಎಳೆದ್ರೆ ಬಾಗಿಲು ತೆಗೀಬೇಕಲ್ವಾ?"

"ಬೀಗ ಅಂದ್ಮೇಲೆ ಬೀಗ ಸರ್," ಎಂದ ಪರಿಶೀಲಕ. ತಾನೇ ಗಾಜು ಬಡಿದದ್ದು ಅವನಿಗೆ ಆಗಲೇ ಮರೆತುಹೋಗಿತ್ತು. ಮೇಷ್ಟ್ರು, ದಂತವೈದ್ಯೆ ಇಬ್ಬರೂ ಹೌದೆಂದು ತಲೆಯಾಡಿಸಿದರು. ಹೆತ್ತ ತಾಯಿಯ ಮೇಲೇ ಕಂಪನಿಗೆ ದೂರು ಬರೆದ ಮಗ ಎಂಬಂತೆ ಕನ್ನಡಕದವರನ್ನು ನೋಡಿದರು. ಕನ್ನಡಕದವರು ಬಾಯಿ ಮುಚ್ಚಿಕೊಂಡು ಅಮ್ಮನ ಫೋನಿನಿಂದ ಆ್ಯಪನ್ನು ಅಳಿಸಿಹಾಕಿದರು.

ಒಂದು ಲಾಭವಂತೂ ಆಯಿತು. ಗಾಡಿಯ ಮೇಲಿದ್ದ ಅಪವಾದ ಹೋಗಿ ಹೆಂಡತಿಯ ಮನಸ್ಸು ಕರಗಿತು. "ಪಾಪ, ಗಾಡೀದೇನೂ ತಪ್ಪಿರಲಿಲ್ಲ. ಸಂಜೆ ಎಲ್ಲರೂ ಹೋಗಿ ಐಸ್‌ಕ್ರೀಮ್ ತಿಂದು ಬರೋಣ," ಎಂದಳು. ಮಗಳು ಕುಣಿದಳು. ಅಮ್ಮ ಮನೆಗೆ ಬೀಗ ಹಾಕಿ, ಜಗ್ಗಿ, ಇಳಿದು, ಹತ್ತಿ, ಜಗ್ಗಿ ಬಂದರು. ಇನ್ನು ಅನುಮಾನವೇ ಬೇಡವೆಂದು ಫೋನನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

ಗಾಡಿ ಸದ್ದಿಲ್ಲದೆ, ಬೆಣ್ಣೆಯಂತೆ ಓಡಿತು. ಎಷ್ಟೋ ದಿನಗಳ ಮೇಲೆ ಕನ್ನಡಕದವರಿಗೆ ತಾವು ಕೊಂಡ ವಸ್ತುವಿನ ಮೇಲೆ ಪ್ರೀತಿ ಬಂತು. ಐಸ್‌ಕ್ರೀಮ್ ಅಂಗಡಿಯ ಮುಂದೆ ನಿಲ್ಲಿಸಿದರು. ಮುಂದಿನ ಪರದೆ ಒಮ್ಮೆ ಮಿಟುಕಿ ಕಪ್ಪಾಯಿತು.

'ಟಕ್.'

ಕೀಲಿ ಒತ್ತಿದರು, ಏನೂ ಆಗಲಿಲ್ಲ. ಫೋನಿನಲ್ಲಿ ಒತ್ತಿದರು, ಚಕ್ರವೊಂದು ಸುಮ್ಮನೆ ಸುತ್ತುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗಳ ಮುಖ ಅಳುವುದಕ್ಕೆ ಸಿದ್ಧವಾಗಿತ್ತು. ಹೆಂಡತಿ ಗಂಡನನ್ನು ದುರುಗುಟ್ಟಿ ನೋಡಿದಳು. ಕನ್ನಡಕದವರು ದೂರು ವಿಭಾಗಕ್ಕೆ ಫೋನ್ ಮಾಡಿದರು.

"ನಿಮ್ಮ ವಿಷಯ ಇಲ್ಲಿ ಬರೆದಿದೆ ಸರ್," ಎಂದಿತು ಆ ಕಡೆಯ ನಯವಾದ ದನಿ. "ತಾಯಿಯವರು ಹತ್ತಿರದಲ್ಲಿದ್ದಾರಾ?"

"ಹಿಂದೆ ಕೂತಿದ್ದಾರೆ. ಆದ್ರೆ ಅವರ ಹತ್ರ..."

"ಹಾಗಿದ್ರೆ ಅವರಿಗೇ ಹೇಳಿ ಸರ್, ತೆಗೀತಾರೆ," ಎಂದು ಆ ಕಡೆಯವರು ಫೋನ್ ಇಟ್ಟರು.

"ನಾನೇನೂ ಮುಟ್ಟಿಲ್ಲಪ್ಪ," ಎಂದರು ಅಮ್ಮ, ಎರಡೂ ಖಾಲಿ ಕೈಗಳನ್ನು ಎತ್ತಿ ತೋರಿಸುತ್ತ. ಆಮೇಲೆ ಅಭ್ಯಾಸಬಲ, ತಮ್ಮ ಪಕ್ಕದ ಬಾಗಿಲಿನ ಹಿಡಿಯನ್ನು ಒಮ್ಮೆ ಜಗ್ಗಿದರು, ಸ್ವಲ್ಪ ಬಿಟ್ಟು ಇನ್ನೊಮ್ಮೆ ಜಗ್ಗಿದರು, ಮತ್ತು ಸಮಾಧಾನದಿಂದ ಸೀಟಿಗೆ ಒರಗಿಕೊಂಡರು.

"ಬೀಗ ಮಾತ್ರ ಗಟ್ಟಿಯಾಗಿ ಬಿದ್ದಿದೆ ಬಿಡು."